ಎಸರಿನ ಬಲ: ಅಥಣಿ ಸೀಮೆಯ ಗೋಧಿಯಿಲ್ಲದ ರೊಟ್ಟಿ

ಕೃಷ್ಣಾ ನದಿಯ ಉತ್ತರ ದಂಡೆಯಿಂದ ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಗಡಿಯವರೆಗೆ ಹಬ್ಬಿರುವ ಅಥಣಿ ಸೀಮೆಯಲ್ಲಿ ಗೋಧಿಯಿಲ್ಲದ ಊಟ ಹೊಸ ಸಂಗತಿಯಲ್ಲ. ರಾಜ್ಯದ ಉತ್ತರ ಒಣ ವಲಯಕ್ಕೆ ಸೇರಿದ, ಮಳೆ ಕಡಿಮೆಯಿರುವ, ಆದರೆ ಸುರಿದಷ್ಟು ನೀರನ್ನು ತಿಂಗಳುಗಟ್ಟಲೆ ಒಡಲಲ್ಲಿ ಹಿಡಿದಿಡುವ ಎರೆಭೂಮಿಯನ್ನು ಹೊಂದಿರುವ ಈ ಪ್ರದೇಶದಲ್ಲಿ, ಮಳೆಗಾಲ ಮುಗಿಯುವ ಹೊತ್ತಿಗೆ ಬಿತ್ತಿ, ಮಣ್ಣಿನ ಹಸಿಯನ್ನೇ ನಂಬಿ ಬೆಳೆದು, ಸಂಕ್ರಾಂತಿಯ ನಂತರ ಕೊಯ್ಯುವ ಹಿಂಗಾರಿ ಬಿಳಿಜೋಳವೇ ತಲೆಮಾರುಗಳಿಂದ ನಿತ್ಯದ ಅನ್ನವಾಗಿದೆ. ಗೋಧಿ ಬೆಳೆಯುತ್ತಿದ್ದರೂ ಅದು ಹೆಚ್ಚಾಗಿ ಹೋಳಿಗೆ, ಸಜ್ಜಕ, ಶಾವಿಗೆಗಳ ರೂಪದಲ್ಲಿ ಹಬ್ಬದ ಧಾನ್ಯವಾಗಿತ್ತು. ಹೀಗಿದ್ದರೂ ಇಂದು ಇದೇ ಸೀಮೆಯ ಒಂದು ಮಗುವಿಗೆ ಗೋಧಿ ಒಗ್ಗುವುದಿಲ್ಲವೆಂದು ವೈದ್ಯರು ಹೇಳಿದಾಗ, ಮನೆಯವರು ಬೆಳಗಾವಿಯಲ್ಲೋ ಪುಣೆಯಲ್ಲೋ ದುಬಾರಿ ಪೊಟ್ಟಣಗಳಲ್ಲಿ ಸಿಗುವ 'ಗ್ಲುಟೆನ್‌ರಹಿತ' ಬ್ರೆಡ್ಡಿನ ಹುಡುಕಾಟಕ್ಕೆ ತೊಡಗುವುದು ಸಹಜವೆಂಬಂತೆ ಆಗಿದೆ. ಗೋಧಿಯಿಲ್ಲದೆ ರೊಟ್ಟಿ ನಿಲ್ಲುವುದು ಹೇಗೆ ಎಂಬ ಪ್ರಶ್ನೆಗೆ ಆಹಾರ ವಿಜ್ಞಾನಿಗಳು ಪ್ರಯೋಗಾಲಯಗಳಲ್ಲಿ ಹುಡುಕುವ ಉತ್ತರದ ಮುಖ್ಯ ಭಾಗ ಅಥಣಿಯ ಅಡುಗೆಮನೆಗಳಲ್ಲಿ ಪ್ರತಿದಿನವೂ ಆಚರಣೆಯಲ್ಲಿದೆ ಎಂಬುದನ್ನು, ಹಾಗೆಯೇ ಆ ಆಚರಣೆ ರೋಗಿಯ ಮಟ್ಟಿಗೆ ಎಲ್ಲಿ ಸೋಲಬಹುದು ಎಂಬುದನ್ನು ತಿಳಿದುಕೊಂಡರೆ ಆ ಹುಡುಕಾಟದ ದಿಕ್ಕೇ ಬದಲಾಗುತ್ತದೆ.

ಮೊದಲು ಗೋಧಿ ಮಾಡುವ ಕೆಲಸ ಯಾವುದೆಂದು ನೋಡಬೇಕು. ಗೋಧಿಹಿಟ್ಟಿನಲ್ಲಿ ಗ್ಲಯಾಡಿನ್ ಮತ್ತು ಗ್ಲುಟೆನಿನ್ ಎಂಬ ಎರಡು ಬಗೆಯ ಪ್ರೋಟೀನುಗಳಿದ್ದು, ನೀರು ಬೆರೆಸಿ ನಾದಿದಾಗ ಇವೆರಡೂ ಹೆಣೆದುಕೊಂಡು ಗ್ಲುಟೆನ್ ಎಂಬ ಜಾಲವಾಗುತ್ತವೆ. ಗ್ಲಯಾಡಿನ್ ಕಣಕಕ್ಕೆ ಎಳೆದಷ್ಟು ಹಿಗ್ಗುವ ಗುಣವನ್ನೂ ಗ್ಲುಟೆನಿನ್ ಬಿಟ್ಟಾಗ ಮರಳಿ ಕುಗ್ಗುವ ಬಿಗಿಯನ್ನೂ ಕೊಡುತ್ತವೆ. ಬೇಕರಿಯ ಬ್ರೆಡ್ಡಿನಲ್ಲಿ ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ತಿಂದು ಬಿಡುವ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಹೊರಹೋಗಲು ಬಿಡದೆ ಹಿಡಿದಿಟ್ಟುಕೊಳ್ಳುವುದು ಈ ಜಾಲವೇ. ಚಪಾತಿಯನ್ನು ತಣ್ಣೀರಿನಲ್ಲಿ ಕಲಸಿ ಲಟ್ಟಿಸಲು ಆಗುವುದೂ, ಹೋಳಿಗೆಯ ಕಣಕ ಹರಿಯದೆ ಹೂರಣವನ್ನು ಸುತ್ತುವರಿಯುವುದೂ ಇದರಿಂದಲೇ.

ಜೋಳದಲ್ಲಿ ಈ ಜಾಲವಿಲ್ಲ. ಅದರ ಪ್ರೋಟೀನಿನ ಬಹುಭಾಗ ಕಾಫಿರಿನ್ ಎಂಬ ಜಾತಿಯದು. ಕಾಳಿನೊಳಗೆ ಅತಿ ಸಣ್ಣ ಗುಂಡುಗಳಲ್ಲಿ ಬಿಗಿಯಾಗಿ ಅಡಕಗೊಂಡಿರುವ, ನೀರಿಗೆ ಒಲಿಯದ ಈ ಪ್ರೋಟೀನು ಎಷ್ಟು ನಾದಿದರೂ ಎಳೆಯಾಗಿ ಬಿಚ್ಚಿಕೊಳ್ಳುವುದಿಲ್ಲ. ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ಅಂಗೈಯಲ್ಲಿ ಮುದ್ದೆಯಾದರೂ ತಟ್ಟುವಾಗ ಅಂಚಿನಿಂದ ಸೀಳುತ್ತದೆ, ಎತ್ತಿದರೆ ಮುರಿದು ಬೀಳುತ್ತದೆ. ಹಾಗಾದರೆ ಅಥಣಿಯ ಹೆಣ್ಣುಮಕ್ಕಳು ಅಂಗೈಯಿಂದ ತೆಳ್ಳಗೆ ಬಡಿದು ಹಂಚಿಗೆ ಹಾಕುವ ರೊಟ್ಟಿ ಯಾವ ಬಲದ ಮೇಲೆ ನಿಲ್ಲುತ್ತದೆ ಎಂದರೆ, ಅದು ಪ್ರೋಟೀನಿನ ಬಲವಲ್ಲ, ಪಿಷ್ಟದ ಬಲ. ಅದನ್ನು ಎಬ್ಬಿಸುವುದು ಎಸರು, ಅಂದರೆ ಮರಳುವ ನೀರು.

ಕಾಳಿನ ಪಿಷ್ಟ ಸೂಕ್ಷ್ಮ ಹರಳುಗಳಂತಿರುವ ಕಣಗಳಲ್ಲಿ ಇರುತ್ತದೆ. ನೀರಿನೊಡನೆ ಒಂದು ನಿರ್ದಿಷ್ಟ ಉಷ್ಣತೆಯನ್ನು ಮುಟ್ಟಿದಾಗ ಈ ಕಣಗಳು ನೀರು ಹೀರಿ ಉಬ್ಬಿ, ಒಡೆದು, ಅಂಟಾದ ಗಂಜಿಯಾಗುತ್ತವೆ; ಇದನ್ನು ಪಿಷ್ಟದ ಅಂಟುಗಟ್ಟುವಿಕೆ ಎನ್ನಬಹುದು. ಗೋಧಿಯ ಪಿಷ್ಟ 60 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಈ ಸ್ಥಿತಿಗೆ ಬಂದರೆ, ಜೋಳದ ಪಿಷ್ಟಕ್ಕೆ ಸುಮಾರು 68ರಿಂದ 78 ಡಿಗ್ರಿ ಬೇಕು. ಬೆಚ್ಚಗಿನ ನೀರು ಸಾಲದೆ, ಕುದಿಯುವ ನೀರನ್ನೇ ಹಿಟ್ಟಿನ ನಡುವಿನ ಕುಳಿಗೆ ಸುರಿಯಬೇಕಾಗುವುದಕ್ಕೆ ಕಾರಣ ಇದೇ: ಕೋಣೆಯ ಉಷ್ಣತೆಯಲ್ಲಿರುವ ಹಿಟ್ಟಿಗೆ ಅದರಷ್ಟೇ ತೂಕದ ಮರಳುವ ನೀರು ಬಿದ್ದಾಗ ಮಿಶ್ರಣದ ಬಿಸಿ 70 ಡಿಗ್ರಿಯ ಆಚೀಚೆಗೆ ನಿಂತು, ಪಿಷ್ಟದ ಒಂದು ಪಾಲು ಬೆಂದು ಅಂಟಾಗುತ್ತದೆ, ಉಳಿದ ಪಾಲು ಹಸಿಯಾಗಿಯೇ ಇದ್ದು ಹಂಚಿನ ಮೇಲೆ ಬೇಯುತ್ತದೆ. ಈ ಅರೆಬೆಂದ ಅಂಟೇ ಹಸಿ ಹಿಟ್ಟನ್ನು ಹಿಡಿದು ಕಟ್ಟುವ ಗಾರೆ. ಎಸರು ಹೊಯ್ದು, ಕೈ ಸುಡದಂತೆ ಮೊದಲು ಸೌಟಿನಿಂದ ತಿರುವಿ, ಆರುವ ಮುನ್ನವೇ ಅಂಗೈಯ ಬುಡದಿಂದ ಒತ್ತಿ ನಾದುವ ಕ್ರಮದಲ್ಲಿ ಒಂದೊಂದು ಹಂತಕ್ಕೂ ಕಾರಣವಿದೆ. ನಾದುವುದರಿಂದ ಗೋಧಿಯಲ್ಲಿ ಜಾಲ ಹುಟ್ಟಿದರೆ, ಜೋಳದಲ್ಲಿ ಅಂಟು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ.

ಹಿಟ್ಟಿನ ಈ ಕಟ್ಟುವ ಗುಣಕ್ಕೆ ಉತ್ತರ ಕರ್ನಾಟಕದಲ್ಲಿ 'ಜಿಗಿ' ಎನ್ನುತ್ತಾರೆ. ಜಿಗಿಯುಳ್ಳ ಹಿಟ್ಟಿನ ರೊಟ್ಟಿ ಅಂಚು ಸೀಳದೆ ಅಗಲವಾಗುತ್ತದೆ, ಜಿಗಿ ಹೋದ ಹಿಟ್ಟಿನದು ಎಷ್ಟು ಬಿಸಿ ಎಸರು ಹೊಯ್ದರೂ ಹರಿಯುತ್ತದೆ. ಅದು ತಳಿಯನ್ನೂ ಬೀಸಿದ ದಿನವನ್ನೂ ಅವಲಂಬಿಸಿರುತ್ತದೆ. ಜೋಳದ ಮೊಳಕೆಯ ಭಾಗದಲ್ಲಿರುವ ಕೊಬ್ಬು ಬೀಸುವಾಗ ಹಿಟ್ಟಿನ ತುಂಬ ಹರಡಿ, ಗಾಳಿ ತಾಗಿ ಒಡೆಯತೊಡಗುತ್ತದೆ; ಕೆಲವು ವಾರಗಳಲ್ಲಿ ಹಿಟ್ಟು ಮುಗ್ಗಿ ಕಹಿಯಾಗುತ್ತದೆ, ಜಿಗಿಯೂ ಕುಗ್ಗುತ್ತದೆ. ಆದ್ದರಿಂದಲೇ ಈ ಭಾಗದ ಮನೆಗಳು ವರ್ಷದ ಕಾಳನ್ನು ಚೀಲಗಳಲ್ಲಿ ಇಟ್ಟುಕೊಂಡರೂ ಹಿಟ್ಟನ್ನು ಮಾತ್ರ ಎಂಟು ಹತ್ತು ದಿನಕ್ಕಾಗುವಷ್ಟೇ ಬೀಸಿಸುತ್ತವೆ. ಅಂಗಡಿಯಲ್ಲಿ ತಿಂಗಳುಗಟ್ಟಲೆ ಕುಳಿತ ಪೊಟ್ಟಣದ ಹಿಟ್ಟನ್ನು ತಂದು ರೊಟ್ಟಿ ಬರುವುದಿಲ್ಲವೆಂದು ಕೈಚೆಲ್ಲುವ ನಗರದ ಮನೆಗಳು ತಮ್ಮ ಕೈಯನ್ನಲ್ಲ, ಹಿಟ್ಟಿನ ವಯಸ್ಸನ್ನು ಅನುಮಾನಿಸಬೇಕು.

ತಳಿಯ ವಿಷಯದಲ್ಲಿ ಈ ಸೀಮೆಯ ಒಲವು ಮಾಲ್ದಂಡಿಯ ಕಡೆಗಿದೆ. ಹತ್ತಿರದ ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಸ್ಥಳೀಯ ಜೋಳದಿಂದ ಆಯ್ದು ತೆಗೆದ ಎಂ 35-1 ಎಂಬ ಈ ತಳಿ, ಹೆಚ್ಚು ಇಳುವರಿಯ ಅನೇಕ ತಳಿಗಳು ಬಂದುಹೋದ ಮೇಲೂ ಹಿಂಗಾರಿ ಹೊಲಗಳನ್ನು ಬಿಟ್ಟುಕೊಟ್ಟಿಲ್ಲ. ದಪ್ಪನೆಯ, ಮುತ್ತಿನಂತೆ ಹೊಳೆಯುವ ಬಿಳಿ ಕಾಳು, ನೀರನ್ನು ಚೆನ್ನಾಗಿ ಹಿಡಿಯುವ ಹಿಟ್ಟು, ಸಿಹಿ ರುಚಿ, ದನಗಳು ಇಷ್ಟಪಟ್ಟು ತಿನ್ನುವ ಕಣಿಕೆ ಇವೆಲ್ಲ ಒಂದೇ ಗಿಡದಲ್ಲಿ ಕೂಡಿಬಂದಿವೆ. ದೇಶದ ಮೊದಲ ಮಿಶ್ರತಳಿ ಜೋಳವಾದ ಸಿಎಸ್‌ಎಚ್-1 ಬಿಡುಗಡೆಯಾದದ್ದು 1964ರಲ್ಲಿ. ಅಂಥ ಮುಂಗಾರಿ ಮಿಶ್ರತಳಿಗಳು ಕಣಜ ತುಂಬಿಸಿದರೂ, ತೆನೆ ಬಲಿಯುವ ಹೊತ್ತಿಗೆ ಮಳೆ ಹಿಡಿದು ಕಾಳಿಗೆ ಬೂಜು ತಗಲುವ ತೊಂದರೆಯಿಂದಾಗಿ ರೊಟ್ಟಿಯ ತಟ್ಟೆಯಲ್ಲಿ ಹಿಂಗಾರಿ ಜೋಳದ ಸ್ಥಾನವನ್ನು ಪಡೆಯಲಾಗಲಿಲ್ಲ. ಕೇಂದ್ರ ಸರ್ಕಾರ ಕನಿಷ್ಠ ಬೆಂಬಲ ಬೆಲೆಯನ್ನು ಘೋಷಿಸುವಾಗ ಮಾಲ್ದಂಡಿಯನ್ನು ಪ್ರತ್ಯೇಕವಾಗಿ ಹೆಸರಿಸಿ ಮಿಶ್ರತಳಿಗಿಂತ ತುಸು ಹೆಚ್ಚು ಬೆಲೆ ಕಟ್ಟುವುದರಲ್ಲಿ ಈ ರುಚಿಯ ಮನ್ನಣೆಯೂ ಸೇರಿದೆ.

ಹಂಚಿನ ಮೇಲೆ ನಡೆಯುವುದು ಇನ್ನೊಂದು ಸೂಕ್ಷ್ಮ ಕ್ರಿಯೆ. ರೊಟ್ಟಿಯನ್ನು ಹಂಚಿಗೆ ಹಾಕಿದ ಕೂಡಲೇ ಒದ್ದೆ ಅರಿವೆಯಿಂದ ಅದರ ಮೇಲ್ಮೈಗೆ ನೀರು ಸವರುವುದು ಬಡಿಯುವಾಗ ಮೆತ್ತಿಕೊಂಡ ಒಣಹಿಟ್ಟನ್ನು ತೆಗೆಯಲು ಮಾತ್ರವಲ್ಲ. ಆ ನೀರು ಮೇಲಿನ ಪದರದ ಪಿಷ್ಟವನ್ನು ಬೇಯಿಸಿ ಬಿರುಕಿಲ್ಲದ ಒಂದು ಪೊರೆಯನ್ನು ಕಟ್ಟುತ್ತದೆ. ನೀರು ಆರುವ ಹೊತ್ತಿಗೆ ಮಗುಚಿ, ಎರಡೂ ಮಗ್ಗುಲು ಬೆಂದ ಮೇಲೆ ಕೆಂಡಕ್ಕೋ ಉರಿಗೋ ಒಡ್ಡಿದಾಗ ಒಳಗಿನ ತೇವ ಆವಿಯಾಗಿ, ಈ ಪೊರೆಯನ್ನು ದಾಟಲಾಗದೆ, ರೊಟ್ಟಿಯನ್ನು ಎರಡು ಪದರವಾಗಿ ಉಬ್ಬಿಸುತ್ತದೆ. ಯೀಸ್ಟಿಲ್ಲದೆ, ಗ್ಲುಟೆನ್ ಇಲ್ಲದೆ, ಆವಿಯಿಂದಲೇ ಉಬ್ಬುವ ರೊಟ್ಟಿಯಿದು. ತೆಳ್ಳಗಿರುವುದು ಅದರ ಕೊರತೆಯಲ್ಲ, ಅದರ ಉಪಾಯ. ಅನಿಲವನ್ನು ಗಂಟೆಗಟ್ಟಲೆ ಹಿಡಿದಿಡುವ ಶಕ್ತಿಯಿಲ್ಲದ ಹಿಟ್ಟು ಕ್ಷಣಮಾತ್ರ ಆವಿಯನ್ನು ಹಿಡಿದರೆ ಸಾಕಾಗುವಂತೆ ಅದರ ಆಕಾರವನ್ನು ರೂಪಿಸಲಾಗಿದೆ. ಇದೇ ರೊಟ್ಟಿಯನ್ನು ಮಂದ ಉರಿಯ ಮಗ್ಗುಲಲ್ಲಿ ನಿಲ್ಲಿಸಿ ತೇವವೆಲ್ಲ ಹೋಗುವವರೆಗೆ ಒಣಗಿಸಿದರೆ ಅದು ಖಡಕ್ ರೊಟ್ಟಿ. ಒಣಗಿಟ್ಟರೆ ತಿಂಗಳುಗಟ್ಟಲೆ ಕೆಡದು. ಸಂಕ್ರಾಂತಿಯ ಮುನ್ನಾದಿನ ಎಳ್ಳು ಹಚ್ಚಿ ಮಾಡುವ ಸಜ್ಜೆ ರೊಟ್ಟಿಯೂ, ಎಳ್ಳ ಅಮಾವಾಸ್ಯೆಗೆ ಭೂಮಿಗೆ ಎಡೆಯಾಗಿ ಚರಗ ಚೆಲ್ಲಲು ಹೊಲಕ್ಕೆ ಒಯ್ಯುವ ಬುತ್ತಿಯ ರೊಟ್ಟಿಗಳೂ ಇದೇ ಕುಲದವು.

ಈ ರೊಟ್ಟಿ ಯಾರಿಗೆ ಔಷಧಿಯಷ್ಟೇ ಅಗತ್ಯವಾಗುತ್ತದೆ ಎಂಬುದನ್ನು ಹೇಳಲು ಸೀಲಿಯಾಕ್ ಕಾಯಿಲೆಯ ಪರಿಚಯ ಬೇಕು. ಗ್ಲುಟೆನ್ ಕರುಳನ್ನು ಮುಟ್ಟಿದಾಗ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣಕರುಳಿನ ಒಳಪದರದ ಮೇಲೆ ದಾಳಿ ಮಾಡಿ, ಆಹಾರವನ್ನು ಹೀರುವ ಬೆರಳಿನಾಕಾರದ ಚಾಚುಗಳನ್ನು ಸವೆಸಿಬಿಡುವ ಈ ಕಾಯಿಲೆಗೆ ಹುಟ್ಟಿನಿಂದ ಬರುವ ಕೆಲವು ವಂಶವಾಹಿ ಗುಣಗಳು ಹಿನ್ನೆಲೆಯಾಗಿರುತ್ತವೆ. ಮಕ್ಕಳಲ್ಲಿ ನಿಲ್ಲದ ಭೇದಿ, ಉಬ್ಬಿದ ಹೊಟ್ಟೆ, ಬೆಳವಣಿಗೆಯ ಕುಂಠಿತ, ದೊಡ್ಡವರಲ್ಲಿ ಕಬ್ಬಿಣದ ಮಾತ್ರೆಗೂ ಜಗ್ಗದ ರಕ್ತಹೀನತೆ, ಮೂಳೆಯ ದುರ್ಬಲತೆ ಇದರ ಲಕ್ಷಣಗಳು. ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1888ರಲ್ಲಿ ಇದನ್ನು ಸ್ಪಷ್ಟವಾಗಿ ವಿವರಿಸಿದರೂ ಕಾರಣ ತಿಳಿದಿರಲಿಲ್ಲ. ಗೋಧಿಯ ಕಡೆಗೆ ಬೆರಳು ತೋರಿದವರು ನೆದರ್‌ಲ್ಯಾಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕ್ಕೆ. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ಆ ದೇಶವನ್ನು ಆವರಿಸಿದ ಕ್ಷಾಮದಲ್ಲಿ ಬ್ರೆಡ್ ಅಪರೂಪವಾದಾಗ ಈ ರೋಗದ ಮಕ್ಕಳು ಚೇತರಿಸಿಕೊಂಡದ್ದು, ಗೋಧಿ ಮರಳಿದಾಗ ಮತ್ತೆ ಕುಗ್ಗಿದ್ದು ಅವರು ಅದಾಗಲೇ ತಳೆದಿದ್ದ ಅನುಮಾನವನ್ನು ಬಲಪಡಿಸಿತು. 1950ರಲ್ಲಿ ಅವರು ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧ ಈ ಕಾಯಿಲೆಯ ಚಿಕಿತ್ಸೆಯನ್ನೇ ಬದಲಿಸಿತು. ಇಂದಿಗೂ ಆ ಚಿಕಿತ್ಸೆ ಒಂದೇ: ಗೋಧಿ, ಬಾರ್ಲಿ, ರೈ ಎಂಬ ಮೂರೂ ಧಾನ್ಯಗಳನ್ನು ಬದುಕಿನುದ್ದಕ್ಕೂ ಸಂಪೂರ್ಣವಾಗಿ ಬಿಡುವುದು.

ಭಾರತದಲ್ಲಿ ಈ ಕಾಯಿಲೆಯ ಹರಡಿಕೆ ಊಟದ ಭೂಪಟವನ್ನು ಅನುಸರಿಸುತ್ತದೆ. 2016ರಲ್ಲಿ ಪ್ರಕಟವಾದ, ದೇಶದ ಮೂರು ಭಾಗಗಳ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನದಲ್ಲಿ ಉತ್ತರ ಭಾರತದಲ್ಲಿ ಶೇ 1.23, ಈಶಾನ್ಯದಲ್ಲಿ ಶೇ 0.87, ದಕ್ಷಿಣದಲ್ಲಿ ಶೇ 0.10 ಮಂದಿಯ ರಕ್ತದಲ್ಲಿ ಸೀಲಿಯಾಕ್ ಅನ್ನು ಸೂಚಿಸುವ ಪ್ರತಿಕಾಯಗಳು ಕಂಡುಬಂದವು. ದಕ್ಷಿಣದ ಜನ ಗೋಧಿ ಕಡಿಮೆ ತಿನ್ನುವುದು ಇದಕ್ಕೆ ಒಂದು ಮುಖ್ಯ ಕಾರಣವಿರಬಹುದೆಂದು ಸಂಶೋಧಕರು ಭಾವಿಸಿದ್ದಾರೆ. ಅಥಣಿಯಂಥ ಊರಿನಲ್ಲಿ ಮಕ್ಕಳ ಬೆಳಗಿನ ತಿಂಡಿ ಬಿಸ್ಕೀಟು, ಖಾರಿ, ಪಾವ್, ಮೈದಾ ಶಾವಿಗೆಗಳತ್ತ ಸರಿಯುತ್ತಿರುವಾಗ ಈ ಅಂಕಿಯನ್ನು ಶಾಶ್ವತವೆಂದು ನಂಬಿಕೊಳ್ಳುವುದು ಜಾಣತನವಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ನೇರವಾಗಿಯೇ ಹೇಳಬೇಕು. ಅನುಮಾನ ಬಂದ ಕೂಡಲೇ ಗೋಧಿಯನ್ನು ಬಿಟ್ಟು ನೋಡುವುದು ತಪ್ಪು ಕ್ರಮ. ಸೀಲಿಯಾಕ್ ಇದೆಯೇ ಎಂದು ತಿಳಿಯಲು ಮಾಡುವ, ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವದ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಅಳೆಯುವ ರಕ್ತಪರೀಕ್ಷೆಯೂ, ಕರುಳಿನ ತುಣುಕಿನ ಪರೀಕ್ಷೆಯೂ ಗೋಧಿಯನ್ನು ಉಣ್ಣುತ್ತಿರುವಾಗಲೇ ನಡೆಯಬೇಕು, ಬಿಟ್ಟ ಮೇಲೆ ನಡೆದರೆ ಕಾಯಿಲೆ ಇದ್ದೂ ಇಲ್ಲವೆಂದು ಬರಬಹುದು. ಕಾಯಿಲೆ ಇಲ್ಲದವರು, ಗೋಧಿಯ ಅಲರ್ಜಿಯೂ ಇಲ್ಲದವರು, ಕೇವಲ ಜಾಹೀರಾತಿನ ಮಾತಿಗೆ ಗೋಧಿಯನ್ನು ವಿಷವೆಂದು ಭಾವಿಸುವ ಅಗತ್ಯವಿಲ್ಲ.

ಜೋಳ ಸುರಕ್ಷಿತವೇ ಎಂಬುದನ್ನೂ ವಿಜ್ಞಾನ ಪರೀಕ್ಷಿಸಿ ನೋಡಿದೆ. 2007ರಲ್ಲಿ ಇಟಲಿಯ ಸಂಶೋಧಕರು ಸೀಲಿಯಾಕ್ ರೋಗಿಗಳಿಗೆ ಜೋಳದ ಹಿಟ್ಟಿನ ಆಹಾರ ಕೊಟ್ಟು, ಪ್ರತಿಕಾಯಗಳು ಏರದಿರುವುದನ್ನು ದಾಖಲಿಸಿದರು. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಜೋಳದ ವಂಶವಾಹಿಗಳ ಇಡೀ ನಕ್ಷೆಯಲ್ಲಿ ಹುಡುಕಿ, ಗೋಧಿಯ ಗ್ಲಯಾಡಿನ್‌ನಂತೆ ಕರುಳನ್ನು ಕೆರಳಿಸುವ ಪ್ರೋಟೀನ್ ತುಣುಕುಗಳು ಅದರಲ್ಲಿಲ್ಲವೆಂದು ತೋರಿಸಿತು. ಸಜ್ಜೆ, ರಾಗಿ, ನವಣೆ, ಗೋವಿನಜೋಳ, ಅಕ್ಕಿಗಳೂ ಗ್ಲುಟೆನ್ ಇಲ್ಲದವೇ. ಆದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗಗಳಲ್ಲಿ ಸದಕ ಅಥವಾ ಕಪ್ಲಿ ಎಂದು ಕರೆಯುವ, ಮಧುಮೇಹಿಗಳಿಗೆ ಒಳ್ಳೆಯದೆಂದು ಹೆಸರಾಗಿರುವ ಕೆಂಪು ಗೋಧಿಯ ವಿಷಯದಲ್ಲಿ ಹರಡಿರುವ ತಪ್ಪು ತಿಳಿವಳಿಕೆ ಅಪಾಯಕಾರಿ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029 ಎಂಬ ಸುಧಾರಿತ ತಳಿಗಳನ್ನು ಕೊಟ್ಟಿರುವ ಈ ಧಾನ್ಯ ಪುರಾತನವಾದುದು, ರುಚಿಯಾದುದು, ಶಾವಿಗೆಗೂ ಹುಗ್ಗಿಗೂ ಶ್ರೇಷ್ಠವಾದುದು, ಆದರೆ ಅದು ಗೋಧಿಯೇ. ಅದರಲ್ಲಿ ಗ್ಲುಟೆನ್ ಇದೆ. ಸೀಲಿಯಾಕ್ ರೋಗಿಗೆ ಅದು ನಿಷಿದ್ಧ.

ಜೋಳ ಶುದ್ಧ, ಆದರೆ ಊರಿನ ಗಿರಣಿ ಶುದ್ಧವಲ್ಲ. ಗೋಧಿಯಿಲ್ಲದ ರೊಟ್ಟಿಯನ್ನು ಹುಡುಕುವವರ ನಿಜವಾದ ಕಷ್ಟ ಆರಂಭವಾಗುವುದು ಇಲ್ಲಿಂದ. ಅಥಣಿಯ ಯಾವುದೇ ಓಣಿಯ ಹಿಟ್ಟಿನ ಗಿರಣಿಯಲ್ಲಿ ಗೋಧಿ, ಜೋಳ, ಕಡಲೆಬೇಳೆ, ಸಜ್ಜೆಗಳೆಲ್ಲ ಒಂದರ ಹಿಂದೊಂದರಂತೆ ಅದೇ ಕಲ್ಲಿನ ನಡುವೆ ಹಾಯುತ್ತವೆ. ಕಲ್ಲಿನ ಕಚ್ಚುಗಳಲ್ಲಿ, ಕೊಳವೆಯಲ್ಲಿ, ಚೀಲದ ಹೊಲಿಗೆಯಲ್ಲಿ ಹಿಂದಿನವರ ಹಿಟ್ಟು ಉಳಿದು ಮುಂದಿನವರ ಡಬ್ಬಿ ಸೇರುತ್ತದೆ. ಆರೋಗ್ಯವಂತರಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡವೂ, ಭಾರತದ ಆಹಾರ ಸುರಕ್ಷತೆ ಮತ್ತು ಮಾನದಂಡಗಳ ಪ್ರಾಧಿಕಾರವೂ ಗ್ಲುಟೆನ್‌ರಹಿತವೆಂದು ಕರೆಯಲು ಇಟ್ಟಿರುವ ಮಿತಿ ಒಂದು ಕಿಲೋ ಆಹಾರಕ್ಕೆ 20 ಮಿಲಿಗ್ರಾಂ. ಗೋಧಿಹಿಟ್ಟಿನ ತೂಕದಲ್ಲಿ ಸರಿಸುಮಾರು ಹತ್ತನೆಯ ಒಂದು ಪಾಲು ಗ್ಲುಟೆನ್ ಎಂದು ಹಿಡಿದರೂ, ಕಿಲೋ ಜೋಳದ ಹಿಟ್ಟಿಗೆ 0.2 ಗ್ರಾಂ ಗೋಧಿಹಿಟ್ಟು, ಅಂದರೆ ಸಣ್ಣ ಚಿಟಿಕೆಯಷ್ಟು ಬೆರೆತರೆ ಮಿತಿ ಮುಟ್ಟಿದಂತೆಯೇ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಕೆಲವು ತಿಂಗಳ ಕಾಲ ಹೊಟ್ಟೆ ಸೇರಿದರೆ ರೋಗಿಯ ಕರುಳು ಕೆಡಬಲ್ಲದೆಂದು 2007ರ ಇನ್ನೊಂದು ಇಟಾಲಿಯನ್ ಅಧ್ಯಯನ ತೋರಿಸಿದೆ. ಒಂದು ಸಾಧಾರಣ ಚಪಾತಿಯಲ್ಲಿ ಇದರ ಹತ್ತಾರು ಪಟ್ಟು ಇರುತ್ತದೆ.

ಆದ್ದರಿಂದ ರೋಗಿಯಿರುವ ಮನೆಗೆ ಸ್ವಂತ ಬೀಸುವ ಸಾಧನವೇ ಮೊದಲ ಉತ್ತರ. ವಿದ್ಯುತ್ತಿನಿಂದ ನಡೆಯುವ ಮನೆಬಳಕೆಯ ಚಿಕ್ಕ ಗಿರಣಿ ಆಗಬಹುದು, ಅಟ್ಟ ಸೇರಿರುವ ಅಜ್ಜಿಯ ಕಾಲದ ಬೀಸುವ ಕಲ್ಲನ್ನು ಚೆನ್ನಾಗಿ ತಿಕ್ಕಿ ತೊಳೆದು ಒಣಗಿಸಿದರೂ ಆಗಬಹುದು. ಒಂದೇ ನಿಯಮವೆಂದರೆ ಅದಕ್ಕೆ ಗೋಧಿ ಎಂದೂ ತಾಗಬಾರದು. ಓಣಿಯ ಗಿರಣಿಯೇ ಗತಿಯೆಂದಾದರೆ ಬೆಳಗ್ಗೆ ಕಲ್ಲು ಬಿಚ್ಚಿ ಸ್ವಚ್ಛಗೊಳಿಸಿದ ಮೇಲೆ ಮೊದಲ ಸರದಿ ಪಡೆದು, ಎರಡು ಮೂರು ಕಿಲೋ ಅಕ್ಕಿಯನ್ನೋ ಜೋಳವನ್ನೋ ಮುಂಚೆ ಹಾಯಿಸಿ, ಆ ಹಿಟ್ಟನ್ನು ದನಕ್ಕೆ ಕೊಟ್ಟು, ನಂತರ ತಮ್ಮದನ್ನು ಬೀಸಿಸುವುದು ಅಪಾಯವನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಕಾಳಿನಲ್ಲೇ ಬೆರಕೆ ಇರಬಹುದು, ಏಕೆಂದರೆ ಗೋಧಿಯೂ ಹಿಂಗಾರಿ ಬೆಳೆಯೇ, ಒಂದೇ ಕಣದಲ್ಲಿ ಒಕ್ಕಿದ, ಒಂದೇ ಚೀಲದಲ್ಲಿ ಸಾಗಿಸಿದ ಧಾನ್ಯ ಸಂತೆಗೆ ಬರುವುದುಂಟು. ಈ ವಿಷಯದಲ್ಲಿ ಮೊರ ಬಹು ಉಪಯುಕ್ತ: ದುಂಡನೆಯ ಜೋಳ ಉರುಳುತ್ತದೆ, ಉದ್ದನೆಯ ಗೋಧಿಕಾಳು ಹಿಂದೆ ಉಳಿಯುತ್ತದೆ, ಕಣ್ಣಿಗೂ ಬೇಗ ಬೀಳುತ್ತದೆ. ಹಸನು ಮಾಡಿದ ಕಾಳನ್ನು ತೊಳೆದು ಬಿಸಿಲಿಗೆ ಒಣಗಿಸಿದರೆ ಮೇಲಿನ ಧೂಳೂ ಹೋಗುತ್ತದೆ.

ಅಡುಗೆಮನೆಯ ಒಳಗೆ ಬಂದರೆ ಚಪಾತಿ ಲಟ್ಟಿಸಿದ ಮಣೆ, ಗೋಧಿಹಿಟ್ಟು ನಾದಿದ ಪರಾತ, ಎರಡಕ್ಕೂ ಬಳಸುವ ಹಂಚು, ರೊಟ್ಟಿಗೆ ನೀರು ಸವರುವ ಅರಿವೆ ಇವೆಲ್ಲವೂ ಪ್ರತ್ಯೇಕವಾಗಬೇಕು. ಅಂಗಡಿಯಲ್ಲಿ ಸಿಗುವ ಇಂಗು ಬಹುಮಟ್ಟಿಗೆ ಶುದ್ಧ ಇಂಗಲ್ಲ. ತೀಕ್ಷ್ಣವಾದ ರಾಳವನ್ನು ಹಿಟ್ಟು ಮತ್ತು ಅಂಟಿನೊಡನೆ ಬೆರೆಸಿದ ಕೂಟ ಇಂಗು, ಮತ್ತು ಆ ಹಿಟ್ಟು ಅನೇಕ ಬ್ರ್ಯಾಂಡುಗಳಲ್ಲಿ ಗೋಧಿಯದು. ರೊಟ್ಟಿ ಶುದ್ಧವಾಗಿದ್ದು ಕಡಲೆಹಿಟ್ಟಿನ ಝುಣಕದ ಒಗ್ಗರಣೆಯಲ್ಲಿ ಗೋಧಿ ಸೇರಿಕೊಳ್ಳುವುದು ಹೀಗೆ. ಖಾನಾವಳಿಗಳಲ್ಲಿ ಜೋಳದ ರೊಟ್ಟಿ ಎಂದು ಬಡಿಸುವುದರಲ್ಲಿ ಹಿಟ್ಟು ಸೀಳದಿರಲೆಂದು ತುಸು ಗೋಧಿ ಬೆರೆಸಿರಬಹುದು, ಚಪಾತಿಯ ಹಂಚಿನ ಮೇಲೆಯೇ ಅದು ಬೆಂದಿರಬಹುದು; ಕೇಳಿ ತಿಳಿದುಕೊಳ್ಳುವುದರಲ್ಲಿ ಸಂಕೋಚ ಪಡಬೇಕಾಗಿಲ್ಲ. ಮಹಿಳಾ ಸ್ವಸಹಾಯ ಸಂಘಗಳು ಉತ್ತರ ಕರ್ನಾಟಕದುದ್ದಕ್ಕೂ ತಯಾರಿಸಿ ಮಾರುವ ಖಡಕ್ ರೊಟ್ಟಿ, ಈಚಿನ ವರ್ಷಗಳಲ್ಲಿ 'ಕಲಬುರಗಿ ರೊಟ್ಟಿ' ಎಂಬ ಹೆಸರಿನಿಂದ ಬೆಂಗಳೂರಿನವರೆಗೂ ಹೋಗುತ್ತಿರುವ ರೊಟ್ಟಿ, ಪ್ರಯಾಣಕ್ಕೂ ಶಾಲೆಯ ಡಬ್ಬಿಗೂ ಅತ್ಯುತ್ತಮ. ಆದರೆ ಅದರ ಹಿಟ್ಟು ಎಲ್ಲಿ ಬೀಸಿದ್ದು ಎಂಬ ಪ್ರಶ್ನೆ ರೋಗಿಯ ಮಟ್ಟಿಗೆ ಅಲ್ಲಿಯೂ ಉಳಿಯುತ್ತದೆ. ಬೇಕರಿಯ 'ಜೋಳದ ಬ್ರೆಡ್', 'ರಾಗಿ ಬ್ರೆಡ್' ಎಂಬ ಹೆಸರುಗಳನ್ನು ಪೊಟ್ಟಣದ ಹಿಂಬದಿಯ ಸಣ್ಣಕ್ಷರ ಓದದೆ ನಂಬಬಾರದು, ಅವುಗಳ ಮುಖ್ಯ ಹಿಟ್ಟು ಬಹಳ ಸಲ ಮೈದಾವೇ ಆಗಿರುತ್ತದೆ.

ರೊಟ್ಟಿಯೇ ಇರುವಾಗ ಹೋಳು ಮಾಡುವ ಬ್ರೆಡ್ ಏಕೆ ಎಂಬ ಪ್ರಶ್ನೆ ನ್ಯಾಯವಾದುದಾದರೂ, ಗೆಳೆಯರ ಡಬ್ಬಿಯಲ್ಲಿರುವುದು ತನಗೂ ಬೇಕೆನ್ನುವ ಮಗುವಿಗೆ ಅದು ಉತ್ತರವಾಗದು. ಜೋಳದಿಂದ ಉಬ್ಬಿದ ಬ್ರೆಡ್ ಮಾಡುವ ಯತ್ನ ಜಗತ್ತಿನಲ್ಲಿ ಹಳೆಯದು. ಸುಡಾನಿನಲ್ಲಿ ಹುಳಿಬರಿಸಿದ ಜೋಳದ ಹಿಟ್ಟನ್ನು ಹಂಚಿನ ಮೇಲೆ ತೆಳ್ಳಗೆ ಎಳೆದು ಕಿಸ್ರಾ ಮಾಡುತ್ತಾರೆ; ಇಥಿಯೋಪಿಯಾದ ಇಂಜೆರಾ ಮುಖ್ಯವಾಗಿ ಟೆಫ್ ಎಂಬ ಕಿರುಧಾನ್ಯದ್ದಾದರೂ ಜೋಳದಿಂದಲೂ ಆಗುತ್ತದೆ. ಗೋಧಿ ಆಮದಿನ ಹೊರೆ ತಗ್ಗಿಸಲು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1964ರಲ್ಲಿ ಬೆರಕೆ ಹಿಟ್ಟುಗಳ ಒಂದು ಕಾರ್ಯಕ್ರಮವನ್ನೇ ಆರಂಭಿಸಿತ್ತು. ಅಮೆರಿಕದ ಕ್ಯಾನ್ಸಸ್‌ನಲ್ಲಿ ಟಿಲ್ಮನ್ ಶೋಬರ್, ಸ್ಕಾಟ್ ಬೀನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಸಂಶೋಧನೆ ಹೆಚ್ಚು ಬೆಳಕು ಚೆಲ್ಲಿತು: ಜೋಳದ ಬ್ರೆಡ್ ಒಲೆಯಲ್ಲಿ ಚಪ್ಪಟೆಯಾಗಿ ಕುಸಿಯುವುದಕ್ಕೆ ಬೇಯುವಾಗ ಪ್ರೋಟೀನುಗಳು ಒಂದಕ್ಕೊಂದು ಗಂಟುಕಟ್ಟಿ ಪಿಷ್ಟದ ಹಂದರವನ್ನು ಕದಡುವುದು ಕಾರಣವೆಂದೂ, ಹಿಟ್ಟನ್ನು ಮುಂಚೆ ಹುಳಿಬರಿಸಿದರೆ ಆ ಪ್ರೋಟೀನುಗಳು ಒಡೆದು ಗಂಟು ತಪ್ಪುತ್ತದೆಂದೂ ಅವರು ತೋರಿಸಿದರು. ರಾತ್ರಿಯಿಡೀ ಹುಳಿಬರಿಸುವ ಈ ವಿದ್ಯೆ ಅಂಬಲಿಯನ್ನೂ ಇಡ್ಲಿಯನ್ನೂ ಬಲ್ಲ ನಾಡಿಗೆ ಅಪರಿಚಿತವಲ್ಲ. ಉದ್ದಿನಬೇಳೆಯ ಲೋಳೆ ಮತ್ತು ಪ್ರೋಟೀನುಗಳು ಅನಿಲದ ಗುಳ್ಳೆಗಳನ್ನು ಹಿಡಿದಿಡುವ ಕಾರಣ ಉಬ್ಬುವ ಇಡ್ಲಿ ನಿಜಾರ್ಥದಲ್ಲಿ ಗೋಧಿಯಿಲ್ಲದ, ಹಬೆಯಲ್ಲಿ ಬೆಂದ ಬ್ರೆಡ್ಡೇ ಆಗಿದೆ. ಅಕ್ಕಿಯ ಜಾಗದಲ್ಲಿ ಜೋಳದ ರವೆ ಹಾಕಿದರೂ ಅದು ಚೆನ್ನಾಗಿ ಬರುತ್ತದೆ.

ಓವನ್ ಇರುವ ಮನೆಯಲ್ಲಿ ಬ್ರೆಡ್ಡಿಗೆ ಕೈಹಾಕುವವರಿಗೆ ಎರಡು ಆಧಾರಗಳು ಬೇಕು. ಒಂದು, ಇಸಬ್‌ಗೋಲ್. ಔಷಧಿ ಅಂಗಡಿಯಲ್ಲಿ ಮಲಬದ್ಧತೆಗೆಂದು ಸಿಗುವ, ಗುಜರಾತ್ ಮತ್ತು ರಾಜಸ್ಥಾನಗಳಲ್ಲಿ ಬೆಳೆದು ಜಗತ್ತಿಗೆಲ್ಲ ಹೋಗುವ ಈ ಬೀಜದ ಹೊಟ್ಟು ತನ್ನ ತೂಕದ ಅನೇಕ ಪಟ್ಟು ನೀರು ಹೀರಿ ಲೋಳೆಯಾಗುತ್ತದೆ, ಬಿಸಿಯಾದಾಗಲೂ ಗುಳ್ಳೆಗಳ ಗೋಡೆಯನ್ನು ಕೆಲಹೊತ್ತು ಹಿಡಿದಿಡುತ್ತದೆ. ವಿದೇಶದ ಪಾಕವಿಧಾನಗಳು ಹೇಳುವ ಜಾಂಥನ್ ಗಮ್ ಎಂಬ, ಒಂದು ಬಗೆಯ ಬ್ಯಾಕ್ಟೀರಿಯಾದಿಂದ ತಯಾರಾಗುವ ಅಂಟು ಸಿಗದಿದ್ದರೂ ಚಿಂತೆಯಿಲ್ಲ. ಇನ್ನೊಂದು ಆಧಾರ ರೊಟ್ಟಿಯ ಎಸರೇ: ಹಿಟ್ಟಿನ ಒಂದು ಪಾಲನ್ನು ಗಟ್ಟಿ ಅಂಬಲಿಯಂತೆ ಮುಂಚೆಯೇ ಬೇಯಿಸಿ ಆರಿಸಿ ಸೇರಿಸಿದರೆ ಬ್ರೆಡ್ ಪುಡಿಪುಡಿಯಾಗದೆ ತೇವವನ್ನು ಹಿಡಿಯುತ್ತದೆ. ಅಳತೆಗೆ ಹೇಳುವುದಾದರೆ, 300 ಗ್ರಾಂ ಹೊಸದಾಗಿ ಬೀಸಿದ ನುಣುಪು ಜೋಳದ ಹಿಟ್ಟಿನಲ್ಲಿ 60 ಗ್ರಾಂ ತೆಗೆದು 240 ಮಿಲಿಲೀಟರ್ ನೀರಿನಲ್ಲಿ ಗಂಟಿಲ್ಲದಂತೆ ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಉಳಿದ ಹಿಟ್ಟು, 100 ಗ್ರಾಂ ಮರಗೆಣಸಿನ ಪಿಷ್ಟ, 20 ಗ್ರಾಂ ಇಸಬ್‌ಗೋಲ್, 7 ಗ್ರಾಂ ಒಣ ಯೀಸ್ಟ್, ಸ್ವಲ್ಪ ಬೆಲ್ಲ, ಉಪ್ಪು, ಎರಡು ಚಮಚ ಎಣ್ಣೆ ಮತ್ತು ಇನ್ನೂ 160ರಿಂದ 180 ಮಿಲಿಲೀಟರ್ ಬೆಚ್ಚನೆಯ ನೀರು ಸೇರಿಸಿ ಕಲಸಬೇಕು. ಇದು ಚಪಾತಿಯ ಕಣಕದಂತೆ ಬಿಗಿಯಾಗುವುದಿಲ್ಲ, ಆಗಲೂಬಾರದು. ವಡೆಯ ಹಿಟ್ಟಿಗಿಂತ ತುಸು ಸಡಿಲವಾಗಿದ್ದರೆ ಸರಿ, ಮತ್ತು ಜಾಲ ಕಟ್ಟುವ ಪ್ರೋಟೀನೇ ಇಲ್ಲವಾದ್ದರಿಂದ ಎರಡೆರಡು ಸಲ ನಾದಿ ಉಬ್ಬಿಸುವ ಕ್ರಮಕ್ಕೆ ಇಲ್ಲಿ ಅರ್ಥವಿಲ್ಲ. ಎಣ್ಣೆ ಸವರಿದ ಅಚ್ಚಿಗೆ ಹಾಕಿ, ಒದ್ದೆ ಕೈಯಿಂದ ಮೇಲ್ಮೈ ನುಣುಪಾಗಿಸಿ, ಒಂದೇ ಸಲ ಅರ್ಧದಷ್ಟು ಉಬ್ಬುವವರೆಗೆ ಬಿಟ್ಟು, 200 ಡಿಗ್ರಿಯಲ್ಲಿ ಸುಮಾರು 55 ನಿಮಿಷ ಬೇಯಿಸಬೇಕು. ಒಳಗಿನ ಉಷ್ಣತೆ 96ರಿಂದ 98 ಡಿಗ್ರಿ ಮುಟ್ಟಿದರೆ ಬೆಂದಂತೆ. ಪೂರ್ತಿ ಆರುವ ಮುನ್ನ ಕೊಯ್ದರೆ ಒಳಗೆ ಜಿನುಗು ಉಳಿಯುತ್ತದೆ, ಏಕೆಂದರೆ ಬೆಂದ ಪಿಷ್ಟ ಗಟ್ಟಿಯಾಗುವುದು ತಣಿಯುವಾಗಲೇ. ಮರುದಿನಕ್ಕೆ ಅದು ಬಿರುಸಾಗುತ್ತದೆ. ಹೋಳುಗಳನ್ನು ಹಂಚಿನ ಮೇಲೆ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ. ಗೋಧಿ ಬ್ರೆಡ್ಡಿನ ಹತ್ತಿಯಂಥ ಹಗುರವನ್ನು ಇದರಿಂದ ನಿರೀಕ್ಷಿಸುವುದು ಜೋಳಕ್ಕೆ ಅನ್ಯಾಯ.

ಜೋಳವೊಂದನ್ನೇ ನೆಚ್ಚಿದ ಊಟಕ್ಕೂ ಮಿತಿಯಿದೆ. ಅದರ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಲ್ಯೂಸಿನ್ ಹೆಚ್ಚು. ಹೈದರಾಬಾದಿನಲ್ಲಿ, ಇಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿರುವ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಾಂತಯ್ಯ ಅವರು 1960ರಲ್ಲಿ, ಜೋಳವನ್ನೇ ಹೆಚ್ಚಾಗಿ ಉಣ್ಣುವ ಬಡವರಲ್ಲಿ ಕಂಡುಬಂದ ಪೆಲ್ಲಾಗ್ರಾ ಎಂಬ ಚರ್ಮ ಮತ್ತು ನರಗಳ ರೋಗಕ್ಕೆ ಈ ಹೆಚ್ಚಿನ ಲ್ಯೂಸಿನ್ ಕಾರಣವಿರಬಹುದೆಂದು ವಾದಿಸಿದ್ದರು. ಆದರೆ ಜೋಳದ ನಾಡು ರೊಟ್ಟಿಯನ್ನು ಒಂಟಿಯಾಗಿ ಉಣ್ಣುವ ನಾಡಲ್ಲ. ಮಡಕಿಕಾಳು, ಹೆಸರುಕಾಳುಗಳ ಪಲ್ಯ, ಕಡಲೆಹಿಟ್ಟಿನ ಝುಣಕ, ಶೇಂಗಾ, ಗುರೆಳ್ಳು, ಅಗಸಿಗಳ ಹಿಂಡಿ, ಪುಂಡಿಪಲ್ಲೆ, ಮೊಸರು ಇವೆಲ್ಲ ಅದರ ಪಕ್ಕದಲ್ಲಿರುವಾಗ ಈ ಕೊರತೆ ತುಂಬುತ್ತದೆ. ಕರುಳು ಸವೆದು ಕಬ್ಬಿಣ, ಕ್ಯಾಲ್ಸಿಯಂಗಳ ಕೊರತೆಗೆ ಒಳಗಾಗಿರುವ ಸೀಲಿಯಾಕ್ ರೋಗಿಯ ತಟ್ಟೆಯಿಂದ ಇವು ಎಂದೂ ಮರೆಯಾಗಬಾರದು.

ಕೊನೆಯದಾಗಿ, ಕಾಳೇ ಸಿಗುವುದೇ ಎಂಬ ಪ್ರಶ್ನೆ. 1939ರಲ್ಲಿ ಉಗಾರದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದಂದಿನಿಂದ ಕೃಷ್ಣೆಯ ದಂಡೆಯ ಕಬ್ಬು ವಿಸ್ತರಿಸುತ್ತಲೇ ಬಂದು, ಹಿಪ್ಪರಗಿ ಬ್ಯಾರೇಜಿನ ನೀರು, ಏತ ನೀರಾವರಿ, ಕೊಳವೆಬಾವಿಗಳ ಬಲದಿಂದ ಜೋಳದ ಎರೆಹೊಲಗಳನ್ನೂ ಹೊಕ್ಕಿದೆ. ಜೋಳಕ್ಕೆ ಉಳಿದಿರುವ ಆಸರೆ ತೆಲಸಂಗ, ಐಗಳಿ ಕಡೆಯ ಒಣಭೂಮಿಯ ರೈತರು ಮತ್ತು ಅವರ ದನಗಳಿಗೆ ಬೇಕಾಗುವ ಕಣಿಕೆ. 2025-26ರ ಹಂಗಾಮಿಗೆ ಕ್ವಿಂಟಲ್ ಮಾಲ್ದಂಡಿಗೆ 3,749 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿತ್ತು. ಆದರೆ ಕಬ್ಬಿನ ಎದುರು ಜೋಳವನ್ನು ಹಿಡಿದಿಡಲು ಬೆಲೆಯೊಂದೇ ಸಾಲದು. ಸುಗ್ಗಿ ಮುಗಿದು ಕಣ ಖಾಲಿಯಾಗುವ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ, ಗೋಧಿ ಬೆಳೆಯದ, ಗೋಧಿ ಒಕ್ಕದ ಒಬ್ಬ ರೈತನಿಂದ ವರ್ಷದ ಕಾಳನ್ನು ನೇರವಾಗಿ ಕೊಳ್ಳುವುದು ರೋಗಿಯಿರುವ ಮನೆಗೆ ಶುದ್ಧ ಧಾನ್ಯವನ್ನೂ ಆ ರೈತನಿಗೆ ಜೋಳ ಬಿತ್ತಲು ಕಾರಣವನ್ನೂ ಒದಗಿಸುತ್ತದೆ. ತಾಲ್ಲೂಕಿಗೆ ಒಂದರಂತೆ ಜೋಳಕ್ಕೆ ಮೀಸಲಾದ, ಗೋಧಿ ಹೊಗದ ಗಿರಣಿಯನ್ನು ಯಾವುದಾದರೂ ಸ್ವಸಹಾಯ ಸಂಘವೋ ಸಹಕಾರ ಸಂಘವೋ ನಡೆಸಿ, ಅದರ ಹಿಟ್ಟನ್ನು ಆಗಾಗ ಪ್ರಯೋಗಾಲಯದಲ್ಲಿ ಪರೀಕ್ಷಿಸಿ 20 ಮಿಲಿಗ್ರಾಂ ಮಿತಿಯೊಳಗಿದೆಯೆಂದು ಖಚಿತಪಡಿಸಿದರೆ, ಅಥಣಿಯ ಖಡಕ್ ರೊಟ್ಟಿ ಗೋಧಿ ಒಗ್ಗದವರ ಊಟವಾಗಿ ಉತ್ತರ ಭಾರತದ ನಗರಗಳವರೆಗೂ ಹೋಗಬಲ್ಲದು. ಅದಕ್ಕೆ ಬೇಕಾದ ಧಾನ್ಯ, ಕೈಗಳು, ಎಸರಿನ ವಿದ್ಯೆ ಮೂರೂ ಇಲ್ಲಿವೆ, ಇಲ್ಲದಿರುವುದು ಆ ಒಂದು ಪ್ರತ್ಯೇಕ ಕಲ್ಲು.